ಡ್ಯಾನಿಶ್ ಭಾಷೆಯ 'ಹೆಮ್ಮೆಲಿ' (ಗುಟ್ಟಿನ) ಎಂಬ ಪದ ಎಲ್ಲಿಂದ ಬಂತು?

ಮನೆಯಿಂದ! ಆದರೆ ಡೆನ್ಮಾರ್ಕಿನವರ ಸ್ವಂತ ಮನೆಯಿಂದಲ್ಲ.

ಪದದ ಮೂಲ ಮಧ್ಯಕಾಲೀನ ಲೋ ಜರ್ಮನ್ನಿನ (ಉತ್ತರ ಜರ್ಮನಿಯ ಭಾಷೆ) 'ಹೇಮೆಲಿಕ್'. ಅದರಲ್ಲಿರುವ 'ಹೇಮ್' ಎಂದರೆ ಮನೆ. ಮೊದಲಿದ್ದ ಅರ್ಥ 'ಮನೆಗೆ ಸೇರಿದ್ದು'. ಮನೆಯೊಳಗಿನದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲವಲ್ಲ, ಹಾಗಾಗಿ ಕ್ರಮೇಣ 'ಮರೆಯಲ್ಲಿರುವುದು', ಕೊನೆಗೆ 'ಗುಟ್ಟು'. ನಾವು 'ಮನೆಯ ಗುಟ್ಟು' ಎನ್ನುತ್ತೇವೆ. ಅವರಲ್ಲಿ ಮನೆಯೇ ಗುಟ್ಟಾಯಿತು.

ಮಧ್ಯಯುಗದ ಉತ್ತರ ಜರ್ಮನಿಯ ವ್ಯಾಪಾರಿ ನಗರಗಳ ಕೂಟವಾದ ಹಾನ್ಸಿಯಾಟಿಕ್ ಒಕ್ಕೂಟದ ವರ್ತಕರ ಕಾಲದಲ್ಲಿ ಲೋ ಜರ್ಮನ್ ಪದಗಳು ರಾಶಿರಾಶಿಯಾಗಿ ಡ್ಯಾನಿಶ್ ಸೇರಿದವು. 'ಗುಟ್ಟು' ಎಂಬ ನಾಮಪದ 'ಹೆಮ್ಮೆಲಿಹೆದ್'ನ ಕೊನೆಯಲ್ಲಿರುವ 'ಹೆದ್' ಪ್ರತ್ಯಯವೂ ಲೋ ಜರ್ಮನ್ನಿನದೇ.

ಸ್ವಾರಸ್ಯವಿರುವುದು ಇಲ್ಲಿ: ಮನೆಗೆ ಡ್ಯಾನಿಶರ ಸ್ವಂತ ಪದ 'ಯೆಮ್'. ಅದರಿಂದ ಹುಟ್ಟಿದ 'ಯೆಮ್ಲಿ'ಗೆ ಇಂದಿಗೂ 'ಮನೆಯಂತೆ ಹಿತವಾದ' ಎಂದೇ ಅರ್ಥ. ಒಂದೇ ಬೇರಿನ ಎರಡು ಪದಗಳು, ಒಂದು ಬೆಚ್ಚಗಿನದು, ಇನ್ನೊಂದು ಬಾಗಿಲು ಹಾಕಿಕೊಂಡದ್ದು. ನೆರೆಯ ಸ್ವೀಡನ್ನಿನವರಂತೂ ಹಿಂದೆ ಶೌಚಾಲಯವನ್ನೇ 'ಹೆಮ್ಲಿಗ್‌ಹೂಸ್', ಅಂದರೆ ಗುಟ್ಟಿನ ಮನೆ, ಎಂದು ಕರೆದರು!

ಗುಟ್ಟಿಗೆ ಡ್ಯಾನಿಶರಲ್ಲಿದ್ದ ಹಳೆಯ ದೇಶಿ ಪದವೂ ಪೂರ್ತಿ ಸತ್ತಿಲ್ಲ. ಗುಪ್ತ ಮಾರ್ಗಕ್ಕೆ ಡ್ಯಾನಿಶಿನಲ್ಲಿ 'ಲೋನ್‌ಗಾಂಗ್' ಎನ್ನುತ್ತಾರೆ. ಅದರ ಮೊದಲರ್ಧ ಹಳೆಯ ನಾರ್ಸಿನ (ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆ) 'ಲೌನ್', ಅಂದರೆ ಮರೆಮಾಚುವಿಕೆ.