ಓದುಗರ ಪ್ರಶ್ನೆ: ಗುಂಡಿಗಿಳಿದರೆ ‘ಕಟಕಟ’, ಬುಷ್ ನಾವೇ ಹಾಕಬಹುದೇ?

ಪ್ರಶ್ನೆ: ಕಾರಿಗೆ ಎಂಟು ವರ್ಷ. ಒಂದು ಚಕ್ರ ಗುಂಡಿಗಿಳಿದರೆ ಮುಂಭಾಗದಲ್ಲಿ ಕಟಕಟ ಸದ್ದು. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಅಷ್ಟಿಲ್ಲ. ಸ್ಟೆಬಿಲೈಸರ್ ಬಾರ್ ಬುಷ್ ಹೋಗಿದೆಯಂತೆ. ಮನೆಯಲ್ಲೇ ಬದಲಿಸಬಹುದೇ?

ಉತ್ತರ: ಸ್ಟೆಬಿಲೈಸರ್ ಬಾರ್ ಎಂದರೆ ಎಡಬಲ ಚಕ್ರಗಳ ಸಸ್ಪೆನ್ಷನ್‌ಗಳನ್ನು ಜೋಡಿಸುವ ಉಕ್ಕಿನ ಸರಳು. ಅದನ್ನು ಕಾರಿನ ಅಡಿಗೆ ಹಿಡಿದಿಡುವ ಲೋಹದ ಪಟ್ಟಿ ಕ್ಲ್ಯಾಂಪ್, ಅದರೊಳಗಿನ ರಬ್ಬರ್ ತುಂಡು ಬುಷ್. ಕ್ಲ್ಯಾಂಪಿನ ಬೋಲ್ಟ್‌ಗಳಿಗೆ ಪಾನಾ ಸಲೀಸಾಗಿ ಸಿಗುವಂತಿದ್ದರೆ ಖಂಡಿತ ಬದಲಿಸಬಹುದು. ಕೆಲವು ಕಾರುಗಳಲ್ಲಿ ಸಬ್‌ಫ್ರೇಮ್ (ಸಸ್ಪೆನ್ಷನ್ ಹೊತ್ತ ಕೆಳಗಿನ ಚೌಕಟ್ಟು) ಇಳಿಸದೆ ಅವು ಕೈಗೆಟುಕುವುದಿಲ್ಲ. ಅಂಥದ್ದನ್ನು ಗ್ಯಾರೇಜಿಗೇ ಬಿಡಿ. ನೀವು ಹೇಳಿದ ಲಕ್ಷಣ ಈ ಬಾರ್‌ನದೇ ಇರಬೇಕು, ಏಕೆಂದರೆ ಎರಡು ಚಕ್ರಗಳು ಬೇರೆಬೇರೆಯಾಗಿ ಏರಿಳಿದಾಗಷ್ಟೇ ಅದು ತಿರುಚಿಕೊಳ್ಳುತ್ತದೆ. ಆದರೆ ಬಾರ್‌ನ ತುದಿಯನ್ನು ಸಸ್ಪೆನ್ಷನ್‌ಗೆ ಜೋಡಿಸುವ ಚಿಕ್ಕ ಕೊಂಡಿ, ಅಂದರೆ ಲಿಂಕ್, ಸವೆದರೂ ಇದೇ ಸದ್ದು. ಮೊದಲು ಲಿಂಕ್ ಹಿಡಿದು ಜೋರಾಗಿ ಅಲ್ಲಾಡಿಸಿ. ಟಕ್ಕೆಂದರೆ ಬುಷ್ ಹಾಕಿ ಪ್ರಯೋಜನವಿಲ್ಲ.

ಬುಷ್ ಕೊಳ್ಳುವ ಮುನ್ನ ಬಾರ್‌ನ ದಪ್ಪವನ್ನು ವರ್ನಿಯರ್ ಎಂಬ ಅಳತೆ ಸಾಧನದಲ್ಲಿ ಅಳೆಯಿರಿ. ಒಂದೇ ಮಾಡೆಲ್‌ನಲ್ಲೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರುವುದುಂಟು. ಸಡಿಲ ಬುಷ್ ಹೊಸದಾದರೂ ಸದ್ದು ಮಾಡುತ್ತದೆ. ಎಡಬಲ ಎರಡನ್ನೂ ಬದಲಿಸಿ.

ಸಮತಟ್ಟು ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ಮುಂದಿನ ಎರಡೂ ಬದಿ ಎತ್ತಿ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಕಾರಿನ ಜೊತೆ ಬರುವ ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಲೇಬೇಡಿ. ಒಂದೇ ಬದಿ ಎತ್ತಿದರೆ ಬಾರ್ ಬಿಗಿದುಕೊಂಡಿರುತ್ತದೆ, ಕ್ಲ್ಯಾಂಪ್ ಬಿಚ್ಚಿದೊಡನೆ ಸಿಡಿಯಬಹುದು. ತುಕ್ಕು ಹಿಡಿದ ಬೋಲ್ಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ಹಳೆಯ ಬುಷ್ ತೆಗೆದಾಗ ಅದರ ತೂತು ಮೊಟ್ಟೆಯಾಕಾರಕ್ಕೆ ಸವೆದಿರುವುದು, ಒಳಗೆ ಮಣ್ಣು ಹುಡಿಯಂತೆ ಮೆತ್ತಿರುವುದು ಕಾಣುತ್ತದೆ. ರಬ್ಬರನ್ನು ತಿಂದದ್ದು ಆ ಮಣ್ಣೇ. ಬಾರ್ ಮೇಲಿನ ತುಕ್ಕನ್ನು ಎಮರಿ ಪೇಪರ್‌ನಿಂದ ಉಜ್ಜಿ, ಒರೆಸಿ. ಬುಷ್‌ನ ಸೀಳು ಹಳೆಯದರಲ್ಲಿ ಯಾವ ಕಡೆಗಿತ್ತೋ ಆ ಕಡೆಗೇ ಇರಲಿ. ಜಾರುವುದಕ್ಕೆ ಸಾಬೂನು ನೀರು ಸಾಕು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಕ್ಲ್ಯಾಂಪಿನ ಎರಡೂ ಬೋಲ್ಟನ್ನು ಮೊದಲು ಕೈಯಲ್ಲೇ ಹತ್ತಿಸಿ, ಆಮೇಲೆ ಸರದಿಯಲ್ಲಿ ಸ್ವಲ್ಪಸ್ವಲ್ಪ ಬಿಗಿಯಿರಿ. ಕೊನೆಯ ಬಿಗಿತ ಸರ್ವಿಸ್ ಮ್ಯಾನ್ಯುಯಲ್‌ನ ಅಳತೆಗೆ, ಟಾರ್ಕ್ ರೆಂಚ್‌ನಿಂದ (ಬಿಗಿತದ ಬಲ ತೋರಿಸುವ ಪಾನಾ). ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡಿ.

ಪ್ರಶ್ನೆ: ವೈಪರ್ ಗಾಜಿನ ಮೇಲೆ ಗೆರೆ ಬಿಡುತ್ತಿದೆ. ಇಡೀ ಬ್ಲೇಡ್ ಬದಲಿಸಬೇಕೇ?

ಉತ್ತರ: ಮೊದಲು ಒದ್ದೆ ಬಟ್ಟೆಯಿಂದ ರಬ್ಬರಿನ ಅಂಚು ಒರೆಸಿ, ಬರೀ ಧೂಳಾದರೆ ಗೆರೆ ಅಲ್ಲಿಗೇ ನಿಲ್ಲುತ್ತದೆ. ಅಂಚು ಸೀಳಿದ್ದರೆ, ಫ್ರೇಮ್ ಇರುವ ಹಳೆ ಮಾದರಿಗೆ ರಬ್ಬರ್ ಪಟ್ಟಿ ಮಾತ್ರ ಸಿಗುತ್ತದೆ. ಅದರೊಳಗಿನ ಎರಡು ತೆಳು ಲೋಹದ ಪಟ್ಟಿಗಳನ್ನು ಹೊಸ ರಬ್ಬರಿಗೆ ಅದೇ ಬಾಗಿನಲ್ಲಿ ಸೇರಿಸಿ. ಬ್ಲೇಡ್ ಬಿಚ್ಚಿದಾಗ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿರಿ. ಬರಿಯ ತೋಳು ಸ್ಪ್ರಿಂಗಿನ ಬಲಕ್ಕೆ ಬಡಿದರೆ ಗಾಜು ಬಿರುಕು ಬಿಡುತ್ತದೆ.