ವಿಟಿ-ಎಕ್ಸ್ ಆನ್ ಮಾಡದಿದ್ದರೆ ವರ್ಚುವಲ್‌ಬಾಕ್ಸ್ ಯಾಕೆ ಓಡಲ್ಲ?

ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ (ಒಂದು ಓಎಸ್, ಅಂದರೆ ಆಪರೇಟಿಂಗ್ ಸಿಸ್ಟಮ್ ಒಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್) ಹಾಕಿ ಉಬುಂಟು ಅನ್ನೋ ಓಎಸ್ ಓಡಿಸಲು ಹೊರಟಿದ್ದೀರಿ, ಅದು ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಸಿಗುವ ಸೆಟ್ಟಿಂಗ್‌ಗಳಲ್ಲಿ) ವಿಟಿ-ಎಕ್ಸ್ ಅನ್ನೋ ಇಂಟೆಲ್ ಪ್ರೊಸೆಸರ್ ಸೌಲಭ್ಯ ಆನ್ ಮಾಡಿ ಅನ್ನುತ್ತಿದೆ. ಅದರಿಂದ ಏನಾಗುತ್ತದೆ ಅನ್ನೋದು ನಿಮ್ಮ ಪ್ರಶ್ನೆ.

ಯಾವುದೇ ಓಎಸ್ ಆಗಲಿ, ಯಂತ್ರಕ್ಕೆ ತಾನೊಂದೇ ಯಜಮಾನ ಅಂದುಕೊಂಡೇ ಕೆಲಸ ಮಾಡುತ್ತದೆ. ಒಂದೇ ಮನೆಗೆ ಇಬ್ಬರು ಯಜಮಾನರಾದರೆ ಕಷ್ಟ ಅಲ್ವಾ? ಅದಕ್ಕೆ ಒಳಗಿನ ಓಎಸ್‌ಗೆ ಕಡಿಮೆ ಅಧಿಕಾರ ಕೊಟ್ಟು ಓಡಿಸುತ್ತಿದ್ದರು. ಅದು ದೊಡ್ಡ ಕೆಲಸಕ್ಕೆ ಕೈ ಹಾಕಿದಾಗಲೆಲ್ಲ ಪ್ರೊಸೆಸರ್ ತಡೆಯುತ್ತದೆ, ಹೈಪರ್‌ವೈಸರ್ (ಒಳಗಿನ ಓಎಸ್ ಅನ್ನು ನಡೆಸುವ ವರ್ಚುವಲ್‌ಬಾಕ್ಸ್‌ನಂಥ ಸಾಫ್ಟ್‌ವೇರ್) ಆ ಕೆಲಸ ಮಾಡಿಕೊಡುತ್ತದೆ. ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ 1960ರ ದಶಕದಲ್ಲೇ ವರ್ಚುವಲ್ ಮಷೀನ್‌ಗಳು ಓಡುತ್ತಿದ್ದವು.

ನಮ್ಮ ಪಿಸಿಗಳ ಎಕ್ಸ್86 ಪ್ರೊಸೆಸರ್‌ನಲ್ಲಿ ಮಾತ್ರ ಇದು ನಡೆಯಲಿಲ್ಲ. ಪಾಪ್‌ಎಫ್ ಅನ್ನೋ ಇನ್‌ಸ್ಟ್ರಕ್ಷನ್ ನೋಡಿ. ಇಂಟರಪ್ಟ್‌ಗಳನ್ನು (ಪ್ರೊಸೆಸರ್‌ನ ಗಮನ ಸೆಳೆಯುವ ಸೂಚನೆಗಳನ್ನು) ಆನ್, ಆಫ್ ಮಾಡಲು ಕರ್ನಲ್, ಅಂದರೆ ಓಎಸ್‌ನ ತಿರುಳು, ಇದನ್ನು ಬಳಸಬಹುದು. ಅಧಿಕಾರ ಇಲ್ಲದೆ ಬಳಸಿದರೆ ಪ್ರೊಸೆಸರ್ ಎರರ್ ಕೊಟ್ಟಿದ್ದರೆ ಹೈಪರ್‌ವೈಸರ್‌ಗೆ ಗೊತ್ತಾಗುತ್ತಿತ್ತು. ಆದರೆ ಅದು ಇಂಟರಪ್ಟ್ ಆನ್ ಇದೆಯಾ ಆಫ್ ಇದೆಯಾ ಅಂತ ಹೇಳುವ ಆ ಒಂದು ಬಿಟ್ ಮುಟ್ಟದೆ ಸುಮ್ನೆ ಮುಂದಕ್ಕೆ ಹೋಗಿಬಿಡುತ್ತದೆ. ಒಳಗಿನ ಓಎಸ್ ಇಂಟರಪ್ಟ್ ಆಫ್ ಆಯಿತು ಅಂತ ನಂಬಿಕೊಂಡಿರುತ್ತದೆ, ಹೈಪರ್‌ವೈಸರ್‌ಗೆ ಸುಳಿವೇ ಇಲ್ಲ. ಪೆಂಟಿಯಂನಲ್ಲಿ ಇಂಥ ತಂಟೆಯ ಇನ್‌ಸ್ಟ್ರಕ್ಷನ್‌ಗಳು 17 ಇದ್ದವು. 1999ರಲ್ಲಿ ಬಂದ ವಿಎಂವೇರ್ ಅನ್ನೋ ಸಾಫ್ಟ್‌ವೇರ್, ಕರ್ನಲ್ ಕೋಡ್ ಓಡುತ್ತಿರುವಾಗಲೇ ಅದನ್ನು ಓದಿ, ಇವುಗಳನ್ನು ಬದಲಿಸಿ ಓಡಿಸುತ್ತಿತ್ತು. ಆ ಕೆಲಸದ ಮೇಲೆ ನನಗೆ ಈಗಲೂ ತುಂಬಾ ಗೌರವ ಇದೆ.

2005ರಲ್ಲಿ ಇಂಟೆಲ್ ವಿಟಿ-ಎಕ್ಸ್ ತಂದಿತು, ಮರುವರ್ಷ ಎಎಂಡಿ ಪ್ರೊಸೆಸರ್‌ಗಳಿಗೆ ಅಂಥದ್ದೇ ಎಎಂಡಿ-ವಿ ಬಂತು. ಹೈಪರ್‌ವೈಸರ್‌ಗೆ ಪ್ರೊಸೆಸರ್ ಒಳಗೇ ಬೇರೆ ಮೋಡ್ ಸಿಕ್ಕಿತು. ಈಗ ಉಬುಂಟು ಕರ್ನಲ್ ತನ್ನ ಪೂರ್ತಿ ಅಧಿಕಾರದ ರಿಂಗ್ 0ಯಲ್ಲೇ, ನೇರವಾಗಿ ಪ್ರೊಸೆಸರ್ ಮೇಲೆ ಓಡುತ್ತದೆ. ಹೈಪರ್‌ವೈಸರ್ ಮೊದಲೇ ಗುರುತು ಹಾಕಿಟ್ಟ ಕೆಲಸ ಎದುರಾದರೆ ಮಾತ್ರ ಪ್ರೊಸೆಸರ್ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಎಲ್ಲಿಗೆ ನಿಂತಿತು, ಯಾಕೆ ನಿಂತಿತು ಅನ್ನೋದನ್ನು ವಿಎಂಸಿಎಸ್ ಅನ್ನೋ ಜಾಗದಲ್ಲಿ ಬರೆದು, ಹೈಪರ್‌ವೈಸರ್‌ಗೆ ಬಿಟ್ಟುಕೊಡುತ್ತದೆ. ಇದಕ್ಕೆ ವಿಎಂ (ವರ್ಚುವಲ್ ಮಷೀನ್) ಎಕ್ಸಿಟ್ ಅಂತಾರೆ. ಎಕ್ಸಿಟ್ ಜಾಸ್ತಿ ಆದಷ್ಟೂ ನಿಧಾನ. ಮೆಮೊರಿ ವಿಳಾಸ ಬದಲಿಸುವ ಕೆಲಸವನ್ನೂ ಆಮೇಲಿನ ಚಿಪ್‌ಗಳು ತಾವೇ ವಹಿಸಿಕೊಂಡವು, ವೇಗ ಹೆಚ್ಚಲು ಅದೂ ದೊಡ್ಡ ಕಾರಣ.

ವರ್ಚುವಲ್‌ಬಾಕ್ಸ್ 6.1ರಿಂದ, ಪ್ರೊಸೆಸರ್‌ನ ಈ ನೆರವಿಲ್ಲದೆ ಓಡಿಸುವ ಹಳೆಯ ಸಾಫ್ಟ್‌ವೇರ್ ದಾರಿಯನ್ನೇ ತೆಗೆದುಹಾಕಿದೆ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ಧೈರ್ಯವಾಗಿ ಆನ್ ಮಾಡಿ. ಆಮೇಲೂ ತೀರಾ ನಿಧಾನ ಅನ್ನಿಸಿದರೆ ಉಬುಂಟು ವಿಂಡೋದ ಕೆಳಗಡೆ ಹಸಿರು ಆಮೆಯ ಚಿತ್ರ ಇದೆಯಾ ನೋಡಿ. ಇದ್ದರೆ ವಿಂಡೋಸ್‌ನ ಸ್ವಂತ ಹೈಪರ್‌ವೈಸರ್ ಆದ ಹೈಪರ್-ವಿ ಮೊದಲೇ ವಿಟಿ-ಎಕ್ಸ್ ಹಿಡಿದುಕೊಂಡಿದೆ ಅಂತ ಅರ್ಥ.