ಬರೀ ಉಪ್ಪು ಸಕ್ಕರೆ ನೀರು

ಓದುಗರ ಪತ್ರ:

ಸಂಪಾದಕರೇ, ಕಳೆದ ಸಂಚಿಕೆಯ ‘ವೈದ್ಯಲೋಕದ ಬೆರಗುಗಳು’ ಪುಟಗಳನ್ನು ಎರಡು ಸಲ ಓದಿದೆ. ಹಂದಿಯ ಕಿಡ್ನಿಯನ್ನು ಮನುಷ್ಯನಿಗೆ ಕಸಿ ಮಾಡಿದ್ದು, ಜೀನ್ ತಿದ್ದಿ ರಕ್ತದ ಕಾಯಿಲೆ ಗುಣಪಡಿಸಿದ್ದು ಎಲ್ಲವೂ ಬೆರಗೇ. ಆದರೆ ಇವೆಲ್ಲವನ್ನೂ ಹಿಂದಕ್ಕೆ ತಳ್ಳಿ ಮೊದಲ ಸ್ಥಾನವನ್ನು ಓಆರ್‌ಎಸ್‌ಗೆ ಕೊಟ್ಟಿದ್ದೀರಲ್ಲ, ಅದು ಬರೀ ಉಪ್ಪು ಸಕ್ಕರೆ ನೀರು! ಭೇದಿಯಾದಾಗ ನಮ್ಮಜ್ಜಿ ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಸುತ್ತಿದ್ದರು. ಅದನ್ನೇ ಬಿಳಿಯರು ಪೊಟ್ಟಣ ಕಟ್ಟಿ ಹೆಸರಿಟ್ಟರೆ ಮಹಾಶೋಧ ಆಗಿಬಿಡುತ್ತದೆಯೇ? ಇನ್ನೊಂದು ಮಾತು. ಪೊಟ್ಟಣಕ್ಕೆ ‘ಸಾಕಷ್ಟು ನೀರು’ ಎಂದು ಬರೆದಿದ್ದೀರಿ. ಸಾಕಷ್ಟು ಎಂದರೆ ಎಷ್ಟು?

– ಒಬ್ಬ ನಿವೃತ್ತ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆ ನಮ್ಮ ತಪ್ಪನ್ನು ಸರಿಯಾಗಿ ಹಿಡಿದಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಅಜ್ಜಿಯ ವಿಷಯ.

ನಿಮ್ಮಜ್ಜಿ ಮಾಡಿದ್ದು ಸರಿ. ಅಕ್ಕಿಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ, ಉಪ್ಪು ಜೊತೆಗಿರುತ್ತದೆ. 1980ರ ದಶಕದಲ್ಲಿ ವಿಜ್ಞಾನಿಗಳು ಅಕ್ಕಿ ಹಿಟ್ಟಿನಿಂದಲೇ ಓಆರ್‌ಎಸ್ ಮಾಡಿ ಪರೀಕ್ಷಿಸಿದರು, ಕೆಲಸ ಮಾಡಿತು. ಆದರೆ ಎಲ್ಲರ ಅಜ್ಜಿಯೂ ನಿಮ್ಮಜ್ಜಿಯಂತಿರಲಿಲ್ಲ. ನನ್ನ ತಮ್ಮನಿಗೆ ನಾಲ್ಕು ವರ್ಷವಿದ್ದಾಗ ವಾಂತಿಭೇದಿ ಹತ್ತಿಕೊಂಡಿತು. ನನಗಾಗ ಎಂಟು. ‘ನೀರು ಕುಡಿಸಿದಷ್ಟೂ ಹೋಗೋದು ಜಾಸ್ತಿ’ ಎಂದು ಅಜ್ಜಿ ನೀರಿನ ಚೊಂಬನ್ನು ಅವನ ಕಣ್ಣಿಗೆ ಬೀಳದ ಹಾಗೆ ಒಳಗಿಟ್ಟರು. ಅವನು ‘ನೀರು, ನೀರು’ ಅಂತ ಅಳುತ್ತಿದ್ದ. ಆಮೇಲಾಮೇಲೆ ಅಳುವಿಗೂ ಕಣ್ಣೀರು ಬರುತ್ತಿರಲಿಲ್ಲ. ಅಜ್ಜಿ ಒದ್ದೆ ಬಟ್ಟೆಯನ್ನು ಅವನ ತುಟಿಗೆ ಒತ್ತುತ್ತಾ ರಾತ್ರಿಯಿಡೀ ಕೂತಿದ್ದರು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಮೂರನೇ ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿದ ಮೇಲೆ ಬದುಕಿದ. ಅಜ್ಜಿಯ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಅವರು ಕಂಡಿದ್ದರಲ್ಲೂ ಸುಳ್ಳಿರಲಿಲ್ಲ, ಕುಡಿಸಿದ ಬರೀ ನೀರು ಹಾಗೆಯೇ ಹೊರಗೆ ಹೋಗುವುದನ್ನು ಅವರು ಎಷ್ಟೋ ಸಲ ಕಣ್ಣಾರೆ ನೋಡಿದ್ದರು.

ದೊಡ್ಡ ದೊಡ್ಡ ಡಾಕ್ಟರುಗಳೂ ಬಹುಕಾಲ ಇದನ್ನೇ ನಂಬಿದ್ದರು. ಕಾಲರಾದಲ್ಲಿ ಕರುಳಿನ ಒಳಪದರವೇ ಕಿತ್ತುಹೋಗುತ್ತದೆ, ಅದಕ್ಕೆ ವಿಶ್ರಾಂತಿ ಕೊಡಬೇಕು, ಬಾಯಿಂದ ಏನೂ ಕೊಡಬಾರದು ಎನ್ನುವುದು ಶಾಸ್ತ್ರವಾಗಿತ್ತು. ರೋಗಿಯ ರಕ್ತದಿಂದ ನೀರೂ ಉಪ್ಪೂ ಸೋರಿಹೋಗಿರುತ್ತವೆ ಎಂದು 1831ರ ಹೊತ್ತಿಗೇ ವಿಲಿಯಂ ಒ’ಶಾಗ್ನೆಸ್ಸಿ ತೋರಿಸಿದ್ದ (ಮುಂದೆ ನಮ್ಮ ದೇಶದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನೂ ಇವನೇ). ಮರುವರ್ಷ ಸ್ಕಾಟ್ಲೆಂಡಿನ ಥಾಮಸ್ ಲಾಟಾ ಉಪ್ಪುನೀರನ್ನು ನೇರ ರಕ್ತನಾಳಕ್ಕೇ ಹರಿಸಿದ. ಅಲ್ಲಿಂದ ಮುಂದೆ ನೂರು ವರ್ಷ ದಾಟಿದರೂ ದಾರಿ ಅದೊಂದೇ ಆಗಿತ್ತು: ಸೂಜಿ, ಬಾಟಲಿ, ಅದನ್ನು ಹಾಕಲು ಬರುವ ಕೈ. ಇವು ಮೂರೂ ಇಲ್ಲದ ಊರಿನಲ್ಲಿ ಜನ ಸಾಯುತ್ತಿದ್ದರು.

ಗಂಟು ಬಿಡಿಸಿದ ಮೊದಲಿಗರಲ್ಲಿ ಒಬ್ಬರು ಕಲ್ಕತ್ತೆಯ ಶಂಭುನಾಥ್ ಡೇ. ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿದರು. ಕಾಲರಾ ರೋಗಾಣು ಬೆಳೆಸಿದ ದ್ರವವನ್ನು ಸೋಸಿ, ರೋಗಾಣುವನ್ನು ತೆಗೆದುಹಾಕಿ, ಉಳಿದದ್ದನ್ನು ಅದರೊಳಗೆ ಚುಚ್ಚಿದರು. ರೋಗಾಣುವೇ ಇಲ್ಲದಿದ್ದರೂ ಆ ತುಂಡು ನೀರು ತುಂಬಿ ಉಬ್ಬಿತು. ಅಂದರೆ ಕೆಲಸ ನಡೆಸುತ್ತಿದ್ದುದು ರೋಗಾಣು ಬಿಟ್ಟ ವಿಷ. 1959ರಲ್ಲಿ ಇದು ಅಚ್ಚಾಯಿತು. ಸುಮಾರು ಅದೇ ಹೊತ್ತಿಗೆ ರೋಗಿಗಳ ಕರುಳಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಒಳಪದರ ಇಡಿಯಾಗಿಯೇ ಕಂಡಿತು. ಕರುಳು ಹರಿದಿಲ್ಲ, ನಲ್ಲಿ ತಿರುಗಿಸಿಬಿಟ್ಟ ಹಾಗೆ ನೀರು ಬಿಡುತ್ತಿದೆ, ಅಷ್ಟೇ. ಜೋರಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರ್ ತನಕ ಹೋಗುತ್ತದೆ.

ಹಾಗಾದರೆ ಬಾಯಿಂದ ಕುಡಿಸಿದ್ದು ಯಾಕೆ ಹಿಡಿಯುತ್ತಿರಲಿಲ್ಲ? ಉತ್ತರ ಬಂದದ್ದು ಕಾಲರಾದ ಕಡೆ ಮುಖವನ್ನೇ ಹಾಕಿರದ ಒಬ್ಬರಿಂದ. 1960ರಲ್ಲಿ ಪ್ರಾಗ್ ನಗರದ ಸಮ್ಮೇಳನವೊಂದರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್, ಕರುಳು ಸಕ್ಕರೆ ಹೀರುವುದು ಹೇಗೆ ಎಂದು ವಿವರಿಸಿದರು. ನಮ್ಮ ಬ್ಯಾಂಕ್ ಲಾಕರ್ ನೆನಪು ಮಾಡಿಕೊಳ್ಳಿ ಮೇಷ್ಟ್ರೇ. ನಿಮ್ಮ ಕೀಲಿ ಒಂದರಿಂದ ತೆರೆಯುವುದಿಲ್ಲ, ಮ್ಯಾನೇಜರ್ ಕೀಲಿ ಒಂದರಿಂದಲೂ ತೆರೆಯುವುದಿಲ್ಲ, ಎರಡೂ ಬೇಕು. ಕರುಳಿನ ಗೋಡೆಯಲ್ಲಿ ಅಂಥದೇ ಒಂದು ಬಾಗಿಲಿದೆ. ಸೋಡಿಯಂ, ಅಂದರೆ ಉಪ್ಪಿನ ಅಂಶ, ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಅದು ಎರಡನ್ನೂ ಒಳಗೆ ಬಿಡುತ್ತದೆ, ಹಿಂದೆಯೇ ನೀರೂ ಹೋಗುತ್ತದೆ. ಕಾಲರಾ ವಿಷ ಉಪ್ಪು ಒಳಹೋಗುವ ಮಾಮೂಲಿ ದಾರಿಯನ್ನು ಕೆಡಿಸುತ್ತದೆ, ಈ ಬಾಗಿಲಿಗೆ ಏನೂ ಮಾಡುವುದಿಲ್ಲ. ಹಾಗಾಗಿ ಬರೀ ನೀರು ಹೊರಗೆ, ಬರೀ ಉಪ್ಪು ನೀರೂ ಹೊರಗೆ, ಸಕ್ಕರೆ ಸೇರಿದ ಉಪ್ಪು ನೀರು ಮಾತ್ರ ಒಳಗೆ. ಸಕ್ಕರೆ ಇರುವುದು ಬಾಯಿ ರುಚಿಗೂ ಅಲ್ಲ, ಶಕ್ತಿಗೂ ಅಲ್ಲ. ಅದು ಎರಡನೇ ಕೀಲಿ. ನಾನು ಬೆರಗು ಎಂದದ್ದು ಇದಕ್ಕೆ.

‘ಬಿಳಿಯರು ಹೆಸರಿಟ್ಟರು’ ಎಂಬ ನಿಮ್ಮ ಸಿಟ್ಟಿನಲ್ಲಿ ಅರ್ಧ ಸತ್ಯವಿದೆ. 1953ರಲ್ಲೇ ಕಲ್ಕತ್ತೆಯ ಹೇಮೇಂದ್ರನಾಥ್ ಚಟರ್ಜಿ ಕಾಲರಾದ 186 ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸ್ ಸೇರಿದ ನೀರು ಕುಡಿಸಿ, ಫಲಿತಾಂಶವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಯಾರೂ ಗಮನ ಕೊಡಲಿಲ್ಲ. ಶಂಭುನಾಥ್ ಡೇ ಅವರಿಗೂ ಬದುಕಿದ್ದಾಗ ಈ ದೇಶದಲ್ಲಿ ದೊಡ್ಡ ಗೌರವ ಸಿಗಲಿಲ್ಲ. ಇನ್ನರ್ಧ ಸತ್ಯ ಅಳತೆಯದು. ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್ ಮನಿಲಾದಲ್ಲಿ ಇಂಥದೇ ದ್ರಾವಣ ಪ್ರಯತ್ನಿಸಿದಾಗ, ಅದು ಅತಿ ಗಟ್ಟಿಯಾಗಿ ಕೆಲವು ರೋಗಿಗಳು ಸತ್ತರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಯುವ ವೈದ್ಯರು, ಹೊರಗೆ ಹೋದದ್ದನ್ನು ಅಳೆದು ಅಷ್ಟೇ ಕುಡಿಸುತ್ತಾ ಬಂದರು. ಡ್ರಿಪ್‌ನ ಅಗತ್ಯ ನೂರಕ್ಕೆ 80ರಷ್ಟು ಇಳಿಯಿತು.

ಆದರೂ ಅದು ಆಸ್ಪತ್ರೆಯೊಳಗಿನ ಮಾತು. ಅನಕ್ಷರಸ್ಥ ತಾಯಿಯ ಕೈಯಲ್ಲಿ ಲೋಟ ಕೊಟ್ಟರೆ ಎಡವಟ್ಟಾಗುತ್ತದೆ ಎಂದೇ ಪಂಡಿತರ ಅಭಿಪ್ರಾಯವಾಗಿತ್ತು. ಅದು ಸುಳ್ಳೆಂದು ಗೊತ್ತಾದದ್ದು ಬಂಗಾಂವ್‌ನಲ್ಲಿ.

1971, ಬಾಂಗ್ಲಾ ಯುದ್ಧ. ಗಡಿ ದಾಟಿ ಬಂದವರು ಕೊನೆಗೆ ಸುಮಾರು 1 ಕೋಟಿ. ಮಳೆ, ಕೆಸರು, ಕಾಲರಾ. ಪಶ್ಚಿಮ ಬಂಗಾಳದ ಗಡಿಯ ಬಂಗಾಂವ್ ಆಸ್ಪತ್ರೆಗೆ ಕಲ್ಕತ್ತೆಯಿಂದ ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಹೋದಾಗ ಕೋಣೆಗಳು ತುಂಬಿ ರೋಗಿಗಳು ನೆಲದ ಮೇಲೆಲ್ಲ ಬಿದ್ದಿದ್ದರು. ಒಬ್ಬರಿಗೆ ಸೂಜಿ ಹಾಕಬೇಕಾದರೆ ಅವರದೇ ಭೇದಿ, ವಾಂತಿಯ ನಡುವೆ ಮಂಡಿಯೂರಬೇಕಿತ್ತು ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ತಂಡದಲ್ಲಿ ಡ್ರಿಪ್ ಹಾಕಲು ಕಲಿತವರು ಇಬ್ಬರೇ. ಎರಡೇ ದಿನದಲ್ಲಿ ಸೋಲು ಕಣ್ಣೆದುರು ಬಂತು.

ಅವರು ಯಾರ ಅಪ್ಪಣೆಗೂ ಕಾಯಲಿಲ್ಲ. ಕಲ್ಕತ್ತೆಯಲ್ಲಿ ತಮ್ಮ ಸಂಶೋಧನಾ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ತಕ್ಕಡಿ ಇಡಿಸಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಲೆಕ್ಕದಲ್ಲಿ ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಟ್ಟೆಗೆ ಹಾಕುವ ಇಸ್ತ್ರಿ ಪೆಟ್ಟಿಗೆಯಿಂದ ಬಾಯಿ ಬೆಸೆದರು. ಬಂಗಾಂವ್‌ನಲ್ಲಿ ಅದನ್ನು ನಲ್ಲಿಯಿರುವ ಡ್ರಮ್ಮುಗಳಲ್ಲಿ ಕಲಸಿಟ್ಟರು. ಅಮ್ಮ, ಅಕ್ಕ, ಗಂಡ, ಯಾರು ಜೊತೆಗಿದ್ದರೋ ಅವರು ಲೋಟ ಹಿಡಿದು ಬಂದು ತುಂಬಿಸಿಕೊಂಡು ಹೋಗಿ ಗುಟುಕು ಗುಟುಕಾಗಿ ಕುಡಿಸಿದರು. ಲೀಟರಿಗೆ ತಗುಲಿದ ಸಾಮಾನಿನ ಖರ್ಚು 11 ಪೈಸೆ. ಅಲ್ಲಿಯತನಕ ನೂರಕ್ಕೆ 30 ಮಂದಿ ಸಾಯುತ್ತಿದ್ದ ಜಾಗದಲ್ಲಿ ಸಾವು ನೂರಕ್ಕೆ 3.6ಕ್ಕೆ ಇಳಿಯಿತು. ಹೀಗೆ ಚಿಕಿತ್ಸೆ ಪಡೆದವರು 3,000ಕ್ಕೂ ಹೆಚ್ಚು.

ಮೇಷ್ಟ್ರೇ, ಆ ಲೋಟ ಹಿಡಿದವರಲ್ಲಿ ಎಷ್ಟು ಅಜ್ಜಿಯಂದಿರಿದ್ದರೋ! ನನ್ನಜ್ಜಿ ಒದ್ದೆ ಬಟ್ಟೆ ಹಿಡಿದಿದ್ದ ಕೈಗೆ ಯಾರಾದರೂ ಆ ಲೋಟ ಕೊಟ್ಟಿದ್ದರೆ ಎಂದು ಇದನ್ನು ಓದಿದಾಗೆಲ್ಲ ಅನ್ನಿಸುತ್ತದೆ.

ಲ್ಯಾನ್ಸೆಟ್ ಪತ್ರಿಕೆ 1978ರಲ್ಲಿ, ಇದು ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದು ಎಂದು ಬರೆಯಿತು. ಬಾಂಗ್ಲಾದೇಶದಲ್ಲಿ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಮನೆಮನೆ ಸುತ್ತಿ, ಚಿಟಿಕೆ ಉಪ್ಪು, ಹಿಡಿ ಬೆಲ್ಲ, ಅರ್ಧ ಸೇರು ನೀರಿನ ಲೆಕ್ಕವನ್ನು 1 ಕೋಟಿಗೂ ಹೆಚ್ಚು ಮನೆಗಳಲ್ಲಿ ಕಲಿಸಿದರು. ತಾಯಿ ಎಷ್ಟು ಸರಿಯಾಗಿ ಕಲಿತಿದ್ದಾಳೆ ಎಂದು ಆಮೇಲೆ ಪರೀಕ್ಷಿಸಿ, ಅದರ ಮೇಲೆ ಕಲಿಸಿದವಳಿಗೆ ಸಂಬಳ. ಮಹಲನಬಿಸ್ 2022ರಲ್ಲಿ ತೀರಿಕೊಂಡರು, ಪದ್ಮವಿಭೂಷಣ ಬಂದದ್ದು ಮರುವರ್ಷ.

ಇಷ್ಟೆಲ್ಲ ಆದ ಮೇಲೂ ಜಗತ್ತಿನಲ್ಲಿ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಭೇದಿಯಿಂದ ಸಾಯುತ್ತಿದ್ದಾರೆ. ಯಾಕೆ? ಇಲ್ಲಿಗೆ ನಮ್ಮ ಕರ್ನಾಟಕ ಬರುತ್ತದೆ, ನಿಮ್ಮ ಪತ್ರದ ‘ಬರೀ’ ಎಂಬ ಮಾತೂ ಬರುತ್ತದೆ.

2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ, 2,000ಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ ತರಬೇತಿ ಪಡೆದ ವ್ಯಕ್ತಿಗಳು ತಂದೆಯ ವೇಷದಲ್ಲಿ ಹೋದರು: ‘ನನ್ನ ಎರಡು ವರ್ಷದ ಮಗುವಿಗೆ ಭೇದಿ, ಏನಾದರೂ ಕೊಡಿ.’ ಓಆರ್‌ಎಸ್ ಕೊಡಬೇಕೆಂದು ಚಿಕಿತ್ಸಕರಿಗೆ ಗೊತ್ತು, ಆದರೂ ಎಷ್ಟೋ ಮಂದಿ ಕೊಡಲಿಲ್ಲ. ಅಂಗಡಿಯಲ್ಲಿ ಪೊಟ್ಟಣ ಇಲ್ಲದ್ದಕ್ಕೋ? ಆ ಕಾರಣದ ಪಾಲು ನೂರಕ್ಕೆ 6. ಬೇರೆ ಔಷಧಿಯಲ್ಲಿ ಲಾಭ ಜಾಸ್ತಿ ಎಂದೋ? ಅದರ ಪಾಲು 5. ‘ಬಂದವರಿಗೆ ಓಆರ್‌ಎಸ್ ಬೇಡ, ಅವರು ಬೇರೇನೋ ದೊಡ್ಡ ಔಷಧಿ ಬಯಸುತ್ತಾರೆ’ ಎಂಬ ಅವರ ಎಣಿಕೆಯ ಪಾಲು 42. ತಂದೆಯೇ ‘ಹಿಂದೆ ಓಆರ್‌ಎಸ್ ಕೊಟ್ಟಿದ್ದೆವು’ ಎಂದು ಸೂಚಿಸಿದ ಕಡೆ, ಬರೆದುಕೊಟ್ಟವರ ಸಂಖ್ಯೆ ಏರಿತು.

ಇದನ್ನು ಓದಿ ನನಗೆ ಹಂದಿಯ ಕಿಡ್ನಿಗಿಂತ ಹೆಚ್ಚು ಆಶ್ಚರ್ಯವಾಯಿತು. ಸಂಕಟವೂ ಆಯಿತು. ಕಿಸೆಗೆ ಹಗುರ, ಕೈಗೆ ಸುಲಭ, ಅಡುಗೆಮನೆಯ ಸಾಮಾನು. ಆದ್ದರಿಂದಲೇ ಅದು ಔಷಧಿಯಲ್ಲ ಎಂದು ನಾವು ಅಂದುಕೊಂಡಿದ್ದೇವೆ, ನಾವು ಹಾಗೆ ಅಂದುಕೊಂಡಿದ್ದೇವೆಂದು ಡಾಕ್ಟರರು ಅಂದುಕೊಂಡಿದ್ದಾರೆ. ಈ ಎರಡು ಎಣಿಕೆಗಳ ನಡುವೆ ಮಗುವಿಗೆ ಬೇಡದ ಆಂಟಿಬಯಾಟಿಕ್ ಸಿಗುತ್ತದೆ, ಬೇಕಾದ ನೀರು ಸಿಗುವುದಿಲ್ಲ. ಮೊದಲ ಸ್ಥಾನ ಕೊಟ್ಟದ್ದು ಈ ಕಾರಣಕ್ಕೇ, ಮುಂದಿನ ಸಲವೂ ಅಲ್ಲೇ ಕೊಡುತ್ತೇನೆ.

ಇನ್ನು ಅಳತೆ. ಮಾಗಿದ ಮಾವಿನ ಹೋಳಿಗೆ ಸಕ್ಕರೆ ಉದುರಿಸಿಟ್ಟರೆ ಸ್ವಲ್ಪ ಹೊತ್ತಿಗೆ ಹೋಳು ನೀರು ಬಿಡುತ್ತದಲ್ಲ, ಸಕ್ಕರೆ ಹೆಚ್ಚಾದರೆ ಕರುಳಿನಲ್ಲೂ ಆಗುವುದು ಅದೇ. ಮೈಯ ನೀರು ಕರುಳಿಗೆ ಇಳಿದು ಭೇದಿ ಜಾಸ್ತಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಗ್ಲೂಕೋಸನ್ನು ಲೀಟರಿಗೆ 13.5 ಗ್ರಾಂಗೆ, ಉಪ್ಪನ್ನು 2.6 ಗ್ರಾಂಗೆ ಇಳಿಸಿದ್ದು, ತೆಳು ಮಾಡಿದರೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ ಎಂದು ಕಂಡದ್ದರಿಂದ. ಮೆಡಿಕಲ್ ಶಾಪಿನಲ್ಲಿ ಬಣ್ಣದ ಡಬ್ಬಿಗಳಲ್ಲಿ ‘ಓಆರ್‌ಎಸ್’ ಎಂಬ ಹೆಸರು ಹೊತ್ತು ಬರುತ್ತಿದ್ದ ಸಿಹಿ ಪಾನೀಯಗಳ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ್ದೂ ಇದಕ್ಕೇ. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ನಿಗದಿತ ಸೂತ್ರದಂತಿಲ್ಲದ ಪಾನೀಯಗಳು ಆ ಹೆಸರು ಬಳಸುವಂತಿಲ್ಲ ಎಂದಿತು.

ಹೋದ ತಿಂಗಳು ನಮ್ಮ ಪಕ್ಕದ ಮನೆಯ ತಾಯಿಯೊಬ್ಬರು ಆಶಾ ಕಾರ್ಯಕರ್ತೆ ಕೊಟ್ಟ ದೊಡ್ಡ ಪೊಟ್ಟಣದಿಂದ ಎರಡು ಚಮಚ ಪುಡಿ ತೆಗೆದು ಒಂದು ಲೋಟಕ್ಕೆ ಕಲಸುತ್ತಿದ್ದರು, ಉಳಿದದ್ದನ್ನು ಮಡಿಸಿ ಕ್ಲಿಪ್ ಹಾಕಿ ಡಬ್ಬಿಯಲ್ಲಿಟ್ಟರು. ಒಳ್ಳೆಯ ಗೃಹಿಣಿಯ ಉಳಿತಾಯ ಅದು, ಆದರೆ ಅಳತೆ ಅಲ್ಲೇ ಕೆಟ್ಟಿತು. ನಮ್ಮ ‘ಸಾಕಷ್ಟು ನೀರು’ ಅಂಥವರಿಗೆ ಏನು ಸಹಾಯ ಮಾಡೀತು? ನೀವು ಕೇಳದಿದ್ದರೆ ಆ ತಪ್ಪು ಹಾಗೇ ಉಳಿಯುತ್ತಿತ್ತು. ತಿದ್ದುಪಡಿ ಇಲ್ಲಿದೆ, ದಯವಿಟ್ಟು ಹಳೆಯ ಸಂಚಿಕೆಯಲ್ಲೂ ಪೆನ್ನಿನಲ್ಲಿ ತಿದ್ದಿಕೊಳ್ಳಿ:

‘ಸಾಕಷ್ಟು ನೀರು’ ಎಂದಿರುವಲ್ಲಿ, ‘ಪೊಟ್ಟಣದ ಮೇಲೆ ಬರೆದಷ್ಟು ಕುಡಿಯುವ ನೀರು, ದೊಡ್ಡ ಪೊಟ್ಟಣಕ್ಕೆ 1 ಲೀಟರ್, ಸಣ್ಣದಕ್ಕೆ 200 ಮಿ.ಲೀ.; ಇಡೀ ಪೊಟ್ಟಣ ಒಂದೇ ಸಲ ಕಲಸಿ, 24 ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಿ’ ಎಂದು ಓದಿಕೊಳ್ಳಬೇಕು. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ತಲೆತಟ್ಟಿದ 6 ಟೀ ಚಮಚ ಸಕ್ಕರೆ, ತಲೆತಟ್ಟಿದ ಅರ್ಧ ಟೀ ಚಮಚ ಉಪ್ಪು. ಮಗು ಮಂಕಾಗಿದ್ದರೆ, ಕುಡಿಯಲು ಒಲ್ಲದಿದ್ದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು, ದಾರಿಯುದ್ದಕ್ಕೂ ಗುಟುಕು ಗುಟುಕು ಕುಡಿಸುತ್ತಿರಬೇಕು.